ದಾಸ ಎರೆಯದ ನೀರು

"ಅವಳು ಬಾಯಿ ಬಿಡೂದಿಲ್ಲ ಅಕ್ಕೋರೆ. ಬೇಕಾದ್ರೆ ನಿಂತು ನೋಡಿ," ಎಂದಳು ಸುಕ್ರಿ, ಒಣ ಬಂಗಡೆಯ ಬುಟ್ಟಿಯ ಮೇಲೆ ಕೂತ ನೊಣಗಳನ್ನು ಸೆರಗಿನಿಂದ ಓಡಿಸುತ್ತ.

ಶ್ರೀಗೌರಿ ನಿಂತು ನೋಡಿದಳು.

ಹೊನ್ನಾವರದ ಬಂದರಿನಲ್ಲಿ ಬೆಳಗಿನ ಲಿಲಾವು ಕಾವೇರಿತ್ತು. ತಾರ್ಲೆ ಮೀನಿನ ಕ್ರೇಟುಗಳ ಸುತ್ತ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಾಗಿ ಬೆಲೆ ಕೂಗುತ್ತಿದ್ದರು. ಅಷ್ಟು ಗದ್ದಲದಲ್ಲಿ ಸುಬ್ಬಿ ಒಬ್ಬಳದೇ ತುಟಿ ಮುಚ್ಚಿತ್ತು. ಅವಳು ತನ್ನ ಮುಂದೆ ನಿಂತಿದ್ದ ಜಯಂತಿಯ ಮೊಣಕೈಯನ್ನು ಎರಡು ಬೆರಳಿನಿಂದ ಒತ್ತಿದಳು. ಜಯಂತಿ ಕೂಗಿದಳು. ಸುಬ್ಬಿ ಮತ್ತೆ ಒತ್ತಿದಳು, ಜಯಂತಿ ಮತ್ತೆ ಕೂಗಿದಳು. ಕ್ರೇಟು ಸುಬ್ಬಿಯ ಪಾಲಿಗೆ ಬಂತು. ಅಲ್ಲಿದ್ದ ಯಾರಿಗೂ ಇದು ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ.

"ಗಂಟಲು ಸರಿ ಇಲ್ಲವಾ ಅವಳಿಗೆ?"

"ಗಂಟಲೋ? ಮನೆಯೊಳಗಿಂದ ಮೊಮ್ಮಗನ್ನ ಒಂದು ಸಲ ಕರೆದ್ರೆ ಆಚೆ ದಡದ ಕಾಗೆ ಹಾರ್ತದೆ." ಸುಕ್ರಿ ನಕ್ಕಳು. ನಗು ಬೇಗ ಮುಗಿಯಿತು. "ಅವಳ ಕೂಗು ಸಲ್ಲೂದಿಲ್ಲ, ಅಷ್ಟೇ. ಕೇರಿ ಕೂಟದಲ್ಲಿ ಹಾಗೆ ತೀರ್ಮಾನ ಆಗಿದೆ. ಸುಳ್ಳು ಆಣೆ ಹಾಕಿದವಳು."



ವಿಮೆ ಕಂಪನಿಗಳಿಗೆ ಅಪಘಾತದ ತನಿಖೆ ಮಾಡಿಕೊಡುವುದು ಶ್ರೀಗೌರಿಯ ಕಸುಬು. ಬೋಟು ಮಗುಚಿದ ಕಾಗದ ಹಿಡಿದು ಈ ಬಂದರಿಗೆ ಬಂದವಳು ಕಾಗದದ ಕೆಲಸ ಮುಗಿದರೂ ವಾಪಸು ಹೋಗದೆ ಕೇಸಿಗೆ ನೆರವಾಗಿ ನಿಂತಿದ್ದಳು. ಗಾಳಿಯ ಎಚ್ಚರಿಕೆ ಇದ್ದ ದಿನ ಹೊರಟ ಬೋಟು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮಗುಚಿ, ಬೋಟು ನಡೆಸುವ ತಾಂಡೇಲ ರಾಜೇಶನೂ ಕೂಲಿಯಾಳು ಸಣ್ಣನೂ ತೀರಿಹೋಗಿದ್ದರು. ಮಾಲೀಕ ಅನೂಪ ಹೇಳುವುದು ಒಂದೇ: ಹೋಗಬೇಡ ಅಂದಿದ್ದೆ, ರಾಜೇಶ ಕುಡಿದಿದ್ದ, ಕೇಳಲಿಲ್ಲ.

ಜೆಟ್ಟಿಯ ಮೇಲೆ ಬುಟ್ಟಿ ತೊಳೆಯುತ್ತಿದ್ದ ಸುಬ್ಬಿ ಕೇಳಿಸಿಕೊಂಡದ್ದು ಬೇರೆ. "ಹೋಗದಿದ್ರೆ ನಾಳೆಯಿಂದ ನನ್ನ ಬೋಟಿಗೆ ಕಾಲಿಡಬೇಡ" ಎಂದು ಅನೂಪ ಹೇಳಿದ್ದನ್ನು ಅವಳು ಕೋರ್ಟಿನಲ್ಲಿ ಹೇಳಿ ಆಗಿತ್ತು. ಬೇರೆ ಸಾಕ್ಷಿ ಇರಲಿಲ್ಲ. ಆ ಒಂದು ಮಾತನ್ನು ನಂಬಿದರೆ ಅನೂಪನಿಗೆ ಶಿಕ್ಷೆ. ನಂಬದಿದ್ದರೆ ರಾಜೇಶನ ವಿಧವೆ ಜಯಂತಿ ಬದುಕಿರುವಷ್ಟು ದಿನ, ಕುಡಿದು ಎರಡು ಹೆಣ ಬೀಳಿಸಿದವನ ಹೆಂಡತಿ. ಸಣ್ಣನ ತಾಯಿ ನಾಗಮ್ಮ ಪ್ರತಿ ತಾರೀಖಿಗೆ ಕಾಯ್ಕಿಣಿಯಿಂದ ಬಸ್ಸು ಹತ್ತಿ ಬಂದು, ಜಯಂತಿ ಕೂತ ಬೆಂಚಿನ ಇನ್ನೊಂದು ತುದಿಯಲ್ಲಿ ಮುಖ ತಿರುಗಿಸಿ ಕೂರುತ್ತಿದ್ದಳು.

ನಾಳೆ ಅನೂಪನ ಕಡೆಯವರು ದಾಸನನ್ನು ಕರೆಸುತ್ತಿದ್ದರು. ದಾಸ ಕೇರಿಯ ಬುಧವಂತ, ಅಂದರೆ ಕೂಟ ಕೂಡಿದಾಗ ಕೊನೆಯ ಮಾತು ಹೇಳುವ ಹಿರಿಯ. ಸುಬ್ಬಿಯ ಗಂಡನ ಅಣ್ಣ.

"ಎಂಥ ಆಣೆ ಸುಕ್ರಕ್ಕ?"

"ಹಳೇ ಕಥೆ. ಅಳಿವೆ ಹತ್ರ ತೆಂಕಣ ಕೇರಿಯವರು ಬಲೆ ಕಟ್ಟಿದ್ರು. ಯಾರೋ ಕತ್ತರಿಸಿ ಹಾಕಿದ್ರು. ಹಬ್ಬದ ಮುಂಚೆ, ನಸುಕಿನಲ್ಲಿ. ಸುಬ್ಬಿ ಆಗ ದಡದಲ್ಲಿ ಬೆಳಚು ಚಿಪ್ಪು ಆರಿಸ್ತಿದ್ಲು. ಗಂಡ ಸತ್ತು ವರ್ಷ ತುಂಬಿರಲಿಲ್ಲ. ಯಾರನ್ನ ಕಂಡೆ ಅಂತ ಕೂಟದಲ್ಲಿ ಕೇಳಿದ್ರು. ಯಾರನ್ನೂ ಕಂಡಿಲ್ಲ ಅಂತ ಆಣೆ ಹಾಕಿದ್ಲು."

"ಮತ್ತೆ?"

"ಮತ್ತೆ ಸಮುದ್ರದಿಂದ ಬಂದವರೊಬ್ಬರು ಹೇಳಿದ್ರು, ಅವಳ ಕಣ್ಣೆದುರೇ ಪಾತಿ ದೋಣಿಯಲ್ಲಿ ಒಬ್ಬ ಗಂಡಸು ಇದ್ದ, ಅವಳು ಅವನ ಹತ್ರ ಮಾತಾಡ್ತಿದ್ಲು ಅಂತ. ಮುಖ ಕಾಣಲಿಲ್ಲ ಅವರಿಗೆ. ಇವಳು ಹೆಸರು ಹೇಳಲಿಲ್ಲ. ಹೊಡೆದ್ರೂ ಹೇಳಲಿಲ್ಲ."

"ಹಾಗಾದ್ರೆ ದೋಣಿಯಲ್ಲಿದ್ದವ ಅವಳ…"

ಶ್ರೀಗೌರಿ ಅಲ್ಲಿಗೆ ನಿಲ್ಲಿಸಿದಳು. ಸುಕ್ರಿಯ ಕಣ್ಣು ತನ್ನ ಬೆನ್ನ ಹಿಂದೆ ಹೋಗಿದ್ದನ್ನು ಕಂಡು ನಿಲ್ಲಿಸಿದಳು.

"ಪೂರ್ತಿ ಮಾಡಿ ಅಕ್ಕೋರೆ," ಎಂದಳು ಸುಬ್ಬಿ. ತಲೆಯ ಮೇಲೆ ಬುಟ್ಟಿ ಇತ್ತು, ಮೀನಿನ ನೀರು ಕಿವಿಯ ಪಕ್ಕದಿಂದ ಇಳಿಯುತ್ತಿತ್ತು. "ಕೋರ್ಟಿನಲ್ಲಿ ಅನೂಪ ಒಡೆಯನ ಕಡೆಯ ನಾಗಪತಿ ವಕೀಲರು ಪೂರ್ತಿ ಮಾಡಿದ್ರಲ್ಲ. ನೀವು ಎಂತಕ್ಕೆ ಅರ್ಧಕ್ಕೆ ಬಿಡೂದು?"

ಶ್ರೀಗೌರಿಯ ಮುಖ ಕಿವಿಯವರೆಗೆ ಬಿಸಿಯಾಯಿತು. "ತಪ್ಪಾಯ್ತು ಸುಬ್ಬಕ್ಕ."

"ತಪ್ಪು ಎಂತದು, ಎಲ್ಲರೂ ಕೇಳೂದೇ. ಮದುವೆಯಾಗದ ಹುಡುಗರೂ ಕೇಳ್ತಿದ್ರು ಆಗ."

"ಯಾರಿದ್ದ ಅಂತ ಹೇಳಿದ್ರೆ ನಾಳೆ ನಮಗೆ ದಾರಿ ಆಗ್ತದೆ."

"ಅನೂಪ ಒಡೆಯ ಎಂತ ಹೇಳಿದ್ದು ಅಂತ ಕೇಳಿ, ನೂರು ಸಲ ಹೇಳ್ತೆ. ರಾಜೇಶ ಹೊರಡುವಾಗ ಕಣ್ಣೊರೆಸಿಕೊಂಡಿದ್ದು ಕೇಳಿ, ಹೇಳ್ತೆ. ಇದೊಂದು ಬಿಡಿ."

ಅವಳು ಹೋದಳು. ಜಯಂತಿ ಹಿಂದೆ ಹೋದಳು. ಇಬ್ಬರೂ ತಿರುಗಿ ನೋಡಲಿಲ್ಲ.

ಸುಕ್ರಿ ನಿಟ್ಟುಸಿರು ಬಿಟ್ಟಳು. "ಬಾವ ಅಂದ್ರೂ ಬಿಡಲಿಲ್ಲ ನೋಡಿ ದಾಸ. ಸ್ವಂತ ತಮ್ಮನ ಹೆಂಡತಿ. ಇವಳ ಮಾತು ಸಲ್ಲದು, ಇವಳ ಕೂಗು ಸಲ್ಲದು ಅಂತ ಅವನೇ ಎದ್ದು ಹೇಳಿದ. ಅವತ್ತಿನಿಂದ ಭಟ್ಕಳದ ಕಡೆಯವರೂ ಜಗಳ ತೀರಿಸೂಕೆ ಅವನನ್ನೇ ಕರೀತಾರೆ."

"ಆಣೆ ಹಾಕೂದು ಹೇಗೆ ನಿಮ್ಮಲ್ಲಿ?"

"ಇಳಿತದ ಹೊತ್ತಿಗೆ ಹೊಳೆಯಲ್ಲಿ ಮೊಣಕಾಲು ನೀರಿಗೆ ನಿಲ್ಲೂದು. ಬುಧವಂತ ತನ್ನ ಕೈಯಾರೆ ನೀರು ಎತ್ತಿ ಅವರ ಅಂಗೈಗೆ ಎರೀಬೇಕು. ಆ ನೀರು ಬೆರಳ ಸಂದಿಯಲ್ಲಿ ಸೋರಿ ಹೋಗೂದ್ರೊಳಗೆ ಹೇಳಿ ಮುಗಿಸಬೇಕು." ಸುಕ್ರಿಗೆ ಏನೋ ನೆನಪಾಗಿ ಮತ್ತೆ ನಗು ಬಂತು. "ಅವತ್ತು ದಾಸನ ಬದಲು ನಮ್ಮ ಕೇರಿ ಕುಪ್ಪ ಎರೆದಿದ್ದು. ಎರೆಯೂಕೂ ಬರೂದಿಲ್ಲ ಅವನಿಗೆ, ಅರ್ಧ ತನ್ನ ಕಾಲಿನ ಮೇಲೇ ಚೆಲ್ಲಿಕೊಂಡ."

"ದಾಸ ಎಂತಕ್ಕೆ ಎರೆಯಲಿಲ್ಲ?"

"ಕೈಗೆ ಬಟ್ಟೆ ಕಟ್ಟಿದ್ದ. ಮೀನಿನ ಮುಳ್ಳು ಹೊಕ್ಕಿತ್ತಂತೆ."

ಸುಕ್ರಿ ಗಿರಾಕಿಯ ಕಡೆ ತಿರುಗಿದಳು. ಶ್ರೀಗೌರಿ ಅಲ್ಲೇ ನಿಂತಿದ್ದಳು. ಕೇರಿಯವರೆಲ್ಲ ಕುಪ್ಪನ ಕಾಲು ಒದ್ದೆಯಾದದ್ದನ್ನು ನೆನಪಿಟ್ಟುಕೊಂಡಿದ್ದರು. ಬಟ್ಟೆಯ ಕೆಳಗೆ ಏನಿತ್ತು ಎಂದು ಯಾರೂ ಕೇಳಿರಲಿಲ್ಲ.

*

"ಯನ್ನ ಕೈ ಕಟ್ಟಿಹಾಕಿದ ಹಾಂಗೆ ಆಯ್ದು ಗೌರೀ," ಎಂದಳು ಮಹಾಲಕ್ಷ್ಮೀ.

ಅವಳು ಈ ಕೇಸಿನ ಸರ್ಕಾರಿ ವಕೀಲೆ, ಶ್ರೀಗೌರಿಗೆ ದೂರದ ಸಂಬಂಧದಲ್ಲಿ ಅಕ್ಕ. ಹೊನ್ನಾವರದ ಕೋರ್ಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಫೈಲುಗಳ ನಡುವೆ ಚಹಾದ ಲೋಟಕ್ಕೆ ಜಾಗ ಹುಡುಕುತ್ತಿದ್ದಳು. ಇಬ್ಬರೇ ಇದ್ದಾಗ, ಹೆಂಗಸರನ್ನೂ 'ಅದು' ಎನ್ನುವ ಮನೆಮಾತು ತಾನಾಗಿ ಬರುತ್ತಿತ್ತು.

"ದಾಸನ್ನ ಕರ್ಸಿ ನಾಗಪತಿ ಎಂತ ಸಾಧಿಸ್ತ ಅಕ್ಕಾ? ಅವ ಜೆಟ್ಟಿಲಿ ಇದ್ದಿದ್ನೇ ಇಲ್ಲೆ."

"ಇರದೇ ಬ್ಯಾಡ. ಮೂರೇ ಪ್ರಶ್ನೆ. ಸುಬ್ಬಿ ಗೊತ್ತಿದ್ದ? ಗೊತ್ತಿದ್ದು. ಎಷ್ಟು ಕಾಲಂದ? ಅದು ಮದುವೆಯಾಗಿ ಬಂದಾಗಿಂದ. ಅದು ಪ್ರಮಾಣ ಮಾಡಿ ಹೇಳಿದ್ರೆ ನಂಬ್ತ್ಯ? ನಂಬ್ತ್ನಿಲ್ಲೆ. ಆತು, ಇಳಕಂಡು ಹೋಪದು."

"ಎಂತಕ್ಕೆ ನಂಬ್ತ್ನಿಲ್ಲೆ ಹೇಳಿ ಹೇಳಡದ?"

"ಅದೇ ಕಾಯ್ದೆ ಚಂದ. ಒಬ್ಬ ಸಾಕ್ಷಿ ಮಾತು ನಂಬ್ಲಾಗ ಹೇಳಲೆ ಇನ್ನೊಬ್ಬನ್ನ ಕರೆಸ್ಲಕ್ಕು. ಆದರೆ ಕರೆಸಿದವ ಕಾರಣ ಹೇಳ್ಸಲಾಗ. ಕಾನೂನಿನ ಹೆಸರು ಹೊಸಾದು ಬಂದ್ರೂ ಆ ನಿಯಮ ಹಳೇದೇ. ಕಾರಣ ಕೇಳ ಹಕ್ಕು ಎದುರು ಕಡೆಯವಕ್ಕೆ, ಪಾಟಿ ಸವಾಲಿನಲ್ಲಿ. ಅಂದ್ರೆ ಯಂಗೆ."

"ಹಂಗಾರೆ ಕೇಳು."

ಮಹಾಲಕ್ಷ್ಮೀ ಲೋಟ ಕೆಳಗಿಟ್ಟಳು. "ಕೇಳಿದ್ರೆ ಅವ ಎಂತ ಹೇಳ್ತ? ನಸುಕಿನಲ್ಲಿ ಹೊಳೆ ದಡದ ಮೇಲೆ ಗಂಡಸಿನ ಸಂತಿಗೆ ಇದ್ದಿತ್ತು, ಅವನ್ನ ಮುಚ್ಚಿಡಲೆ ಸುಳ್ಳು ಹೇಳ್ಚು ಹೇಳ್ತ. ನಾಗಪತಿ ಇದನ್ನೇ ಸುಬ್ಬಿ ಬಾಯಿಂದ ಹೊರಡ್ಸಲೆ ನೋಡ್ದ. ಜಡ್ಜ್ ಸಾಹೇಬ್ರು ತಡದ್ರು. ಹೆಂಗಸಿನ ನಡತೆ ಬೇರೆ, ಅದು ಹೇಳ ಮಾತಿನ ಸತ್ಯ ಬೇರೆ ಹೇಳಿ ಪ್ರಶ್ನೆಯನ್ನೇ ತಳ್ಳಿಹಾಕಿದ್ರು. ಈಗ ಆನೇ ಎದ್ದು ನಿಂತು ಕೇಳಿದ್ರೆ, ಅವ್ರು ಹಾಕಿದ ಬಾಗಲನ್ನ ಯನ್ನ ಕೈಯಾರೆ ತೆಗದು ಕೊಟ್ಟಾಂಗೆ. ಬಂದ ಉತ್ತರ ಆನೇ ಹೊರವು."

ಕಿಟಕಿಯ ಹೊರಗೆ ಯಾರೋ ಕಕ್ಷಿದಾರರು ತಾರೀಖಿನ ಬಗ್ಗೆ ಗುಮಾಸ್ತನೊಂದಿಗೆ ಜಗಳವಾಡುತ್ತಿದ್ದರು.

"ಸುಬ್ಬಿ ಅವತ್ತು ಕಟಕಟೆಲಿ ಹ್ಯಾಂಗೆ ನಿಂತಿತ್ತು ಗೊತ್ತಿದ್ದ?" ಮಹಾಲಕ್ಷ್ಮಿಯ ದನಿ ತಗ್ಗಿತು. "ಪ್ರಶ್ನೆ ತಳ್ಳಿಹಾಕಿದ ಮೇಲೂ ತಲೆ ಎತ್ತಿದ್ದಿಲ್ಲೆ. ಕೇಳಿದ್ದು ಕೇಳಿ ಆಗೋಗಿತ್ತಲೇ. ನಾಚಿಕೆ ಯಂಗಾತು. ಆನು ಕರೆಸಿದ ಸಾಕ್ಷಿ ಅದು."

ಶ್ರೀಗೌರಿ ಬೆಳಿಗ್ಗೆ ತಾನು ಅರ್ಧಕ್ಕೆ ಬಿಟ್ಟ ಮಾತನ್ನು ಹೇಳಲಿಲ್ಲ. ಬಟ್ಟೆ ಕಟ್ಟಿದ ಕೈಯ ವಿಷಯ ಮಾತ್ರ ಹೇಳಿದಳು.

ಮಹಾಲಕ್ಷ್ಮೀ ತೆರೆದಿದ್ದ ಫೈಲು ಮುಚ್ಚಿದಳು. "ದಾಸ ಈಗ ಹೊಳನಗದ್ದೆಲಿ ಮಗಳ ಮನೆಲಿ ಇದ್ದ. ಹೋಗಿ ಮಾತಾಡ್ಲಕ್ಕು. ಆದರೆ ಹೆದರ್ಸಲಾಗ, ಆಸೆ ತೋರ್ಸಲಾಗ, ಹಿಂಗೇ ಹೇಳು ಹೇಳಿ ಹೇಳ್ಕೊಡ್ಲಾಗ. ಒಂದು ಮಾತು ಹೆಚ್ಚಾದ್ರೆ ಸಾಕ್ಷಿ ಕೆಡಿಸಿದ್ದು ಹೇಳಿ ನಿನ್ನ ಮೇಲೇ ಕೇಸು."

"ಕೇಳ್ಲಕ್ಕಲ್ದ?"

"ಕೇಳ್ಲಕ್ಕು."

*

ಹೊಳನಗದ್ದೆಯಲ್ಲಿ ನಾಟಿ ಮುಗಿದಿತ್ತು. ಗದ್ದೆಯಂಚಿನಲ್ಲಿದ್ದ ಮಗಳು ಪ್ರಿಯಾಳ ಮನೆಯ ಜಗಲಿಯಲ್ಲಿ ದಾಸ ಬೀಸುಬಲೆಯ ತೂತು ಹೆಣೆಯುತ್ತ ಕೂತಿದ್ದ. ನೆರೆತ ಕೂದಲು ನೀಟಾಗಿ ಬಾಚಿತ್ತು. ಬಲಗೈಯ ಸೂಜಿ ಓಡಾಡುತ್ತಿತ್ತು. ಎಡಗೈ ಬಲೆಯ ಮಡಿಕೆಯೊಳಗೆ ಹುದುಗಿತ್ತು.

"ಬನ್ನಿ ಅಕ್ಕೋರೆ. ಪ್ರಿಯಾ, ಖುರ್ಚಿ ತಾ. ಚಾ ಇಡು." ದಾಸನ ದನಿಯಲ್ಲಿ ನಾಲ್ಕು ಜನ ಕೇಳಿ ರೂಢಿಯಾದವರ ನಿಧಾನವಿತ್ತು. "ನೀವು ಬರ್ತೀರಿ ಅಂತ ಅಂದುಕೊಂಡಿದ್ದೆ. ನಿಮ್ಮ ಕೆಲಸ ನೀವು ಮಾಡೂದು."

"ನಾಳೆ ಎಂತ ಹೇಳ್ತೀರಿ ಅಂತ ಕೇಳೂದಿಲ್ಲ ದಾಸಣ್ಣ."

"ಕೇಳಿದ್ರೂ ಅಡ್ಡಿಲ್ಲ. ಮುಚ್ಚಿಡೂಕೆ ಎಂತ ಇದೆ? ನಂಬೂದಿಲ್ಲ ಅಂತ ಹೇಳೂದು. ಕಾರಣ ಹೇಳೂದು ಬೇಡ ಅಂದಿದ್ದಾರೆ ವಕೀಲರು. ಒಳ್ಳೇದೇ ಆತು. ಮನೆ ಹೆಂಗಸಿನ ಮಾನ ಅಲ್ಲಿ ಹರಾಜು ಹಾಕೂದು ನನಗೂ ಬೇಡ."

ಒಳಗಿನಿಂದ ಪ್ರಿಯಾ ನಕ್ಕು ಹೇಳಿದಳು, "ಅಪ್ಪ ನಿನ್ನೆಯಿಂದ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದಾರೆ ಅಕ್ಕೋರೆ. ನನ್ನ ಮದುವೆಗೂ ಇಷ್ಟು ಮಾಡಲಿಲ್ಲ."

ದಾಸ ನಗಲಿಲ್ಲ.

"ಒಂದು ಹಳೇ ವಿಷಯ ಕೇಳಬೇಕಿತ್ತು," ಎಂದಳು ಶ್ರೀಗೌರಿ. "ಸುಬ್ಬಕ್ಕನ ಆಣೆಯ ದಿನ ನೀರು ಎರೆದಿದ್ದು ಕುಪ್ಪನಂತೆ."

ಸೂಜಿ ಬಲೆಯ ಒಂದು ಕಣ್ಣಿನೊಳಗೆ ಹೋಗಿ ಅಲ್ಲೇ ನಿಂತಿತು.

"ಯಾರು ಹೇಳಿದ್ರು?"

"ಬಂದರಿನಲ್ಲಿ ತಮಾಷೆ ಮಾಡ್ತಾರೆ, ಅವನ ಕಾಲು ಒದ್ದೆಯಾಗಿತ್ತು ಅಂತ."

"ಹೌದು ಹೌದು. ನನ್ನ ಕೈಗೆ ಮುಳ್ಳು ಹೊಕ್ಕಿತ್ತು."

"ಯಾವ ಕೈ?"

ಪ್ರಶ್ನೆ ಸಣ್ಣದು. ಅವನ ಎಡಗೈ ತಾನಾಗಿ ಬಲೆಯಿಂದ ಮೇಲೆ ಬಂತು, ಅಂಗೈ ಅರ್ಧ ತೆರೆಯಿತು. ಅಷ್ಟರಲ್ಲಿ ಅವನಿಗೆ ತಿಳಿಯಿತು. ಬೆರಳು ಮುಚ್ಚಿದವು.

ಶ್ರೀಗೌರಿ ನೋಡಿಯಾಗಿತ್ತು. ತೋರುಬೆರಳ ಬುಡದಿಂದ ಮಣಿಕಟ್ಟಿನ ದಿಂಡಿನವರೆಗೆ ಓರೆಯಾಗಿ ಓಡಿದ ಬಿಳಿಯ ಗೆರೆ. ಅಂಥ ಗೆರೆಗಳ ಫೋಟೋಗಳು ಅವಳ ಫೈಲುಗಳಲ್ಲಿ ಎಷ್ಟೋ ಇದ್ದವು. ಬೋಟಿನ ಮೇಲೆ ಬಿಗಿದ ಹಗ್ಗ ಕಡಿದು ಕೈಯೊಳಗೆ ಓಡಿದಾಗ ಆಗುವಂಥದ್ದು.

"ಮುಳ್ಳು ಚುಕ್ಕೆ ಬಿಡ್ತದೆ ದಾಸಣ್ಣ," ಎಂದಳು ಮೆಲ್ಲಗೆ. "ಇದು ಗೆರೆ."

ಒಳಗೆ ಲೋಟದ ಸದ್ದು ನಿಂತಿತು.

"ಪ್ರಿಯಾ," ಎಂದ ದಾಸ, ತಲೆ ಎತ್ತದೆ. "ಚಾಪುಡಿ ಮುಗಿದಿದೆ ಅಂದಿದ್ದೆ. ಅಂಗಡಿಗೆ ಹೋಗಿ ಬಾ."

"ಇದೆ ಅಪ್ಪ, ಡಬ್ಬಿಯಲ್ಲಿ…"

"ಹೋಗಿ ಬಾ ಮಗಾ."

ಅವಳು ಚಪ್ಪಲಿ ಮೆಟ್ಟಿ ಅಂಗಳ ದಾಟಿದಳು. ದಾಸ ಬಲೆಯನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟ. ಎಡಗೈಯನ್ನು ಎಲ್ಲಿ ಇಡುವುದೆಂದು ತೋಚದೆ ತೊಡೆಯ ಕೆಳಗೆ ತೂರಿಸಿಕೊಂಡ. ಶಾಲೆಯಲ್ಲಿ ಪೆಟ್ಟು ತಪ್ಪಿಸಿಕೊಳ್ಳುವ ಮಕ್ಕಳು ಹಾಗೆ ಮಾಡುತ್ತಾರೆ.

"ಅವರು ಬಲೆ ಕಟ್ಟಿ ನಮ್ಮ ದೋಣಿಗೆ ದಾರಿ ಇಲ್ಲದ ಹಾಗೆ ಮಾಡಿದ್ರು," ಎಂದ. "ಎಷ್ಟು ಹೇಳಿದ್ರೂ ಕೇಳಲಿಲ್ಲ. ಕೂಟದಲ್ಲಿ ಶಾಂತಿ ಶಾಂತಿ ಅಂತ ನಾನೇ ಹೇಳ್ತಿದ್ದವ. ಒಂದು ದಿನ ತಡೀಲಿಲ್ಲ. ಒಬ್ಬನೇ ಪಾತಿ ತಕಂಡು ಹೋದೆ. ಹಗ್ಗ ಕಡಿದದ್ದು ನನ್ನ ಅಂಗೈ ಹರಕೊಂಡು ಹೋತು. ತಿರುಗಿ ನೋಡಿದ್ರೆ ದಡದಲ್ಲಿ ಇವಳು, ಬೆಳಚಿನ ಬುಟ್ಟಿ ಹಿಡಕೊಂಡು."

"ಎಂತ ಹೇಳಿದ್ರಿ ಅವಳಿಗೆ?"

"ಯಾರೂ ಇರಲಿಲ್ಲ ಅನ್ನು, ಅಂತ. ಅಷ್ಟೇ. ತನ್ನ ತಲೆ ಮೇಲಿನ ಬಟ್ಟೆ ಹರಿದು ನನ್ನ ಕೈಗೆ ಕಟ್ಟಿದ್ಲು. ಆತು ಬಾವ ಅಂದ್ಲು."

ಗದ್ದೆಯ ಕಡೆಯಿಂದ ಗಾಳಿ ಬಂತು. ದಾಸ ಮಾತಾಡುವಾಗ ಶ್ರೀಗೌರಿಯ ಮುಖ ನೋಡುತ್ತಿರಲಿಲ್ಲ. ಬಲೆಯ ತೂತನ್ನು ನೋಡುತ್ತಿದ್ದ.

"ನೀರು ಎರೆಯೂಕೆ ನನ್ನಿಂದ ಆಗಲಿಲ್ಲ ಅಕ್ಕೋರೆ. ನಾನೇ ಕಲಿಸಿಕೊಟ್ಟ ಸುಳ್ಳಿಗೆ ನಾನೇ ಎರೀಬೇಕು. ಕುಪ್ಪನ್ನ ಕರೆದೆ. ಆಮೇಲೆ ಅದು ಸುಳ್ಳು ಅಂತ ಹೊರಬಿತ್ತು. ಕೂಟದಲ್ಲಿ ಎಲ್ಲರೂ ನನ್ನ ಬಾಯಿ ನೋಡಿದ್ರು. ತಮ್ಮನ ಹೆಂಡತಿ ಅಂತ ಬಿಡ್ತಾನೋ ಏನೋ ಅಂತ. ಅವಳೂ ನೋಡಿದ್ಲು."

"ನೀವು ಹೇಳಿದ್ರಿ."

"ಹೇಳಿದೆ. ಇವಳ ಮಾತು ಸಲ್ಲದು ಅಂತ." ತೊಡೆಯ ಕೆಳಗಿನ ಕೈಯನ್ನು ಇನ್ನಷ್ಟು ಒಳಗೆ ತೂರಿಸಿದ. "ಅವತ್ತಿನಿಂದ ನನ್ನ ಮಾತಿಗೆ ಬೆಲೆ ಬಂತು."

ಶ್ರೀಗೌರಿಗೆ ಏನು 'ಹೇಳಬಾರದು' ಎಂದು ಮಹಾಲಕ್ಷ್ಮೀ ಪಟ್ಟಿ ಕೊಟ್ಟಿದ್ದಳು. ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ದೋಣಿಯಲ್ಲಿದ್ದವ ಅವಳ ಗೆಣೆಕಾರ ಅಂತ ಊರೆಲ್ಲ ಹೇಳ್ತಿದ್ದಾಗ?"

"ಸುಮ್ಮನಿದ್ದೆ. ಅಕ್ಕಿ ಕಳಿಸ್ತಿದ್ದೆ ಅವಳ ಮಕ್ಕಳಿಗೆ. ಹೊಸಿಲು ದಾಟಿ ಒಳಗೆ ಹೋಗೂಕೆ ಕಾಲು ಬರಲಿಲ್ಲ. ಬಾಗಿಲಲ್ಲಿ ಇಟ್ಟು ಬರೂದು."

"ಅನೂಪನಿಗೆ ಇದು ಗೊತ್ತಾ?"

"ಯಾರಿಗೂ ಗೊತ್ತಿಲ್ಲ. 'ನೀವೇ ಕೂಟದಲ್ಲಿ ಹೇಳಿದ್ದಲ್ವಾ, ಅದನ್ನೇ ಕೋರ್ಟಿನಲ್ಲಿ ಹೇಳಿ' ಅಂದ್ರು ಅನೂಪನ ಕಡೆಯವರು. ಆಗೂದಿಲ್ಲ ಅಂದ್ರೆ ಎಂತಕ್ಕೆ ಅಂತ ಕೇಳ್ತಿದ್ರು. ಎಂತ ಹೇಳೂದು?"

"ನಾಳೆ ಸರ್ಕಾರಿ ವಕೀಲರು ಕೇಳಬಹುದು, ಎಂತಕ್ಕೆ ಅಂತ."

ದಾಸ ಮೊದಲ ಸಲ ಅವಳನ್ನು ನೇರ ನೋಡಿದ. "ಕೇಳೂದಿಲ್ಲ ಅಂತ ನಾಗಪತಿ ವಕೀಲರು ಹೇಳಿದ್ದಾರೆ. ಆ ವಕೀಲಮ್ಮ ಒಳ್ಳೆಯವರು, ಹೆಂಗಸಿನ ಮಾನದ ವಿಷಯಕ್ಕೆ ಕೈ ಹಾಕೂದಿಲ್ಲ ಅಂತ."

"ಕೇಳಿದ್ರೆ?"

ಅವನು ಮತ್ತೆ ಬಲೆಯ ಕಡೆ ತಿರುಗಿ ಹೇಳಿದ, "ಎಂತ ಹೇಳ್ತೆನೋ ನನಗೇ ಗೊತ್ತಿಲ್ಲ. ಪ್ರಿಯಾಳನ್ನ ಈ ಮನೆಗೆ ತಂದುಕೊಂಡಿದ್ದು ನನ್ನ ಹೆಸರು ನೋಡಿ."

ಶ್ರೀಗೌರಿ ಎದ್ದಳು. ಸ್ಕೂಟರು ನಿಲ್ಲಿಸಿದ್ದ ಬೇಲಿಯ ಆಚೆ ಪ್ರಿಯಾ ನಿಂತಿದ್ದಳು. ಅಂಗಡಿಗೆ ಹೋಗಿರಲಿಲ್ಲ. ಜಗಲಿಯ ಮಾತು ಎಷ್ಟು ದೂರ ಕೇಳಿಸುತ್ತದೆಂದು ಶ್ರೀಗೌರಿ ಅಳೆಯಲು ಹೋಗಲಿಲ್ಲ. ಆ ಮುಖ ನೋಡಿದರೆ ಸಾಕಿತ್ತು.

"ಅಕ್ಕೋರೆ," ಎಂದಳು ಪ್ರಿಯಾ, "ಕೋರ್ಟಿನೊಳಗೆ ಯಾರು ಬೇಕಾದ್ರೂ ಬಂದು ಕೂರೂಕೆ ಆಗ್ತದಾ?"

"ಆಗ್ತದೆ."

"ಸುಬ್ಬಿ ಚಿಕ್ಕಮ್ಮ ನನ್ನ ಮದುವೆಗೆ ಬರಲಿಲ್ಲ. ಕರೀಬೇಡ ಅಂದಿದ್ರು ಅಪ್ಪ." ಅಷ್ಟು ಹೇಳಿ ಅವಳು ಮನೆಯ ಕಡೆ ಹೋಗದೆ ಗದ್ದೆಯ ಹುಣಿಯ ಮೇಲೆ ನಡೆದಳು.

*

"ಗಾಯದ ಗೆರೆ ನಂಬ್ಕಂಡು ಪ್ರಶ್ನೆ ಕೇಳವ?" ಕಪ್ಪು ಕೋಟಿನ ಗುಂಡಿ ಹಾಕುತ್ತ ಮಹಾಲಕ್ಷ್ಮೀ ಪಿಸುಗುಟ್ಟಿದಳು. "ನಿನ್ನ ಹತ್ರ ಹೇಳಿದ್ದು ಇಲ್ಲಿ ಹೇಳ್ತ ಹೇಳಿ ಎಂತ ಖಾತ್ರಿ?"

"ಖಾತ್ರಿ ಇಲ್ಲೆ ಅಕ್ಕಾ."

"ಹಳೇ ಕಥೆಯನ್ನೇ ಹೇಳ್ಬುಟ್ರೆ ಸುಬ್ಬಿ ಮುಗತ್ತು. ಜಯಂತಿ ಮುಗತ್ತು."

ಶ್ರೀಗೌರಿ ಉತ್ತರಿಸುವಷ್ಟರಲ್ಲಿ ಕೇಸಿನ ನಂಬರು ಕೂಗಿದರು.

ಒಳಗೆ ಫ್ಯಾನು ಕಿರುಗುಟ್ಟುತ್ತಿತ್ತು. ಅನೂಪ ಬಿಳಿ ಅಂಗಿಯಲ್ಲಿ, ಕೈ ಮುಂದೆ ಕಟ್ಟಿಕೊಂಡು ನಿಂತಿದ್ದ. ಬೆಂಚಿನ ಒಂದು ತುದಿಗೆ ಜಯಂತಿ, ಇನ್ನೊಂದು ತುದಿಗೆ ನಾಗಮ್ಮ, ನಡುವೆ ನಾಲ್ಕು ಜನ ಕೂರುವಷ್ಟು ಜಾಗ ಖಾಲಿ. ಸುಬ್ಬಿ ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಬಾಗಿಲ ಹತ್ತಿರ ಪ್ರಿಯಾ, ಕೂರಲೋ ಬೇಡವೋ ಎಂದು ಗೋಡೆಗೆ ಒರಗಿದ್ದಳು.

ದಾಸ ಇಸ್ತ್ರಿ ಅಂಗಿಯಲ್ಲಿ ಕಟಕಟೆ ಹತ್ತಿದ. ಸತ್ಯವನ್ನೇ ಹೇಳುತ್ತೇನೆ ಎಂಬ ಪ್ರಮಾಣವನ್ನು ಗುಮಾಸ್ತ ಹೇಳಿಕೊಟ್ಟಂತೆ ಸರಾಗ ಹೇಳಿದ. ಕೊನೆಯಲ್ಲಿ ಮಗಳನ್ನು ಕಂಡ. ಕಂಡ ಮೇಲೆ ಬಾಗಿಲ ಕಡೆ ಮತ್ತೆ ನೋಡಲಿಲ್ಲ.

ನಾಗಪತಿ ವಕೀಲರದು ಮೃದು ಮಾತು. "ಸುಬ್ಬಿ ಎಂಬವರನ್ನು ಬಲ್ಲಿರಾ?"

"ಬಲ್ಲೆ. ತಮ್ಮನ ಹೆಂಡತಿ."

"ಎಷ್ಟು ಕಾಲದಿಂದ?"

"ಅವಳು ನಮ್ಮ ಮನೆಗೆ ಬಂದಾಗಿನಿಂದ."

"ನಿಮ್ಮ ತಿಳಿವಳಿಕೆಯ ಪ್ರಕಾರ, ಆಕೆ ಪ್ರಮಾಣ ಮಾಡಿ ಹೇಳಿದ ಮಾತನ್ನು ನಂಬುತ್ತೀರಾ?"

ದಾಸ ಕಟಕಟೆಯ ಮರವನ್ನು ಬಲಗೈಯಿಂದ ಹಿಡಿದಿದ್ದ. ಎಡಗೈ ಅಂಗಿಯ ಮರೆಯಲ್ಲಿತ್ತು.

"ನಂಬೂದಿಲ್ಲ."

ಟೈಪು ಮಾಡುವ ಸದ್ದು ಆ ಎರಡು ಕ್ಷಣ ದೊಡ್ಡದಾಗಿ ಕೇಳಿತು. ಜಯಂತಿ ಕಣ್ಣು ಮುಚ್ಚಿದಳು.

"ಅಷ್ಟೇ ಸ್ವಾಮಿ." ನಾಗಪತಿ ಕೂತು, ಮಹಾಲಕ್ಷ್ಮಿಯ ಕಡೆ ತಿರುಗಿ ಗೌರವದಿಂದ ತಲೆ ಬಾಗಿಸಿದರು. ನಿಮ್ಮ ಸರದಿ, ಆದರೆ ನಿಮಗೆ ಗೊತ್ತಲ್ಲ, ಎಂಬಂತೆ.

ಮಹಾಲಕ್ಷ್ಮೀ ಎದ್ದಳು. ಕೈಯಲ್ಲಿನ ಹಾಳೆ ತಿರುಗಿಸಿದಳು, ಅದರಲ್ಲಿ ಏನೂ ಬರೆದಿರಲಿಲ್ಲ. ಶ್ರೀಗೌರಿಯನ್ನು ನೋಡಲಿಲ್ಲ. ಕೊನೆಯ ಸಾಲನ್ನು ನೋಡಿದಳು. ಸುಬ್ಬಿ ಬಾಗಿ ನೆಲ ನೋಡುತ್ತಿದ್ದಳು, ಅವತ್ತಿನ ಹಾಗೆಯೇ.

ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟು ಮಹಾಲಕ್ಷ್ಮೀ ಕೇಳಿದಳು, "ದಾಸ ಅವರೇ, ನಂಬೂದಿಲ್ಲ ಅಂದ್ರಿ. ಎಂತಕ್ಕೆ?"

ನಾಗಪತಿಯ ಪೆನ್ನು ನಿಂತಿತು.

 ದಾಸನ ಕಣ್ಣು ಅನೂಪನ ಮೇಲೆ ಹೋಯಿತು, ಜಯಂತಿಯ ಮೇಲೆ ಹೋಯಿತು, ಕೊನೆಗೆ ಹಿಂದಿನ ಸಾಲಿನಲ್ಲಿ ನಿಂತಿತು.

"ಬಾವಾ, ಬೇಡ."

ಇಡೀ ಕೋಣೆ ತಿರುಗಿತು. ಅಷ್ಟು ದೊಡ್ಡ ದನಿ ಆ ಸಣ್ಣ ದೇಹದಿಂದ ಬಂತೆಂದು ನಂಬಲು ಯಾರಿಗೂ ಆಗಲಿಲ್ಲ. ಕೇರಿಯವರಿಗಂತೂ ಆಗಲಿಲ್ಲ. ನಾಲ್ಕು ಜನರ ನಡುವೆ ಆ ಕೂಗು ಕೇಳಿ ಅವರಿಗೆ ವರ್ಷಗಳಾಗಿದ್ದವು. ಸುಬ್ಬಿ ಎದ್ದು ನಿಂತಿದ್ದಳು.

"ಯಾರದು? ಕೂತ್ಕೊಳ್ಳಿ," ಎಂದರು ಸಾಹೇಬರು. "ಇನ್ನೊಂದು ಮಾತಾಡಿದರೆ ಹೊರಗೆ ಕಳಿಸಬೇಕಾಗುತ್ತದೆ. ಸಾಕ್ಷಿಗಳೇ, ಪ್ರಶ್ನೆ ಅರ್ಥವಾಯಿತೋ?"

"ಅರ್ಥ ಆತು ಸ್ವಾಮಿ." ದಾಸ ಕಟಕಟೆಯ ಮರ ಬಿಟ್ಟ. "ಒಂದು ಲೋಟ ನೀರು ಬೇಕಿತ್ತು."

"ಕುಡಿಯಲು ನೀರು ಕೊಡಿ ಅವರಿಗೆ."

ಜವಾನ ಸ್ಟೀಲಿನ ಲೋಟ ತಂದು ಕೊಟ್ಟ. ದಾಸ ಅದನ್ನು ಬಲಗೈಯಲ್ಲಿ ಹಿಡಿದ, ಬಾಯಿಗೆ ಎತ್ತಲಿಲ್ಲ. ಎಡಗೈಯನ್ನು ಅಂಗಿಯ ಮರೆಯಿಂದ ಹೊರಗೆ ತೆಗೆದು, ಎಲ್ಲರಿಗೂ ಕಾಣುವಂತೆ ಕಟಕಟೆಯ ಮೇಲೆ ಚಾಚಿ, ಬೆರಳು ಬಿಚ್ಚಿ, ಆ ಬಿಳಿಯ ಗೆರೆಯ ಮೇಲೆ ತಾನೇ ನೀರು ಎರೆದುಕೊಂಡ. ನೀರು ಬೆರಳ ಸಂದಿಯಿಂದ ಇಳಿಯತೊಡಗಿತು. ಅದು ಸೋರಿ ಮುಗಿಯುವುದರೊಳಗೆ, "ಅವತ್ತು ದೋಣಿಯಲ್ಲಿದ್ದವ ನಾನು ಸ್ವಾಮಿ," ಎಂದ.